ನಿಂತು ಗೆದ್ದ ಕಿಟಕಿ ಸೀಟು

ಹೋದ ತಿಂಗಳು ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದ ವಿಮಾನದಲ್ಲಿ ನನ್ನ ಹಿಂದಿನ ಸಾಲಿನ ಯಾರೋ ಒಂದು ಡಬ್ಬಿ ತೆರೆದರು. ಇಂಗು, ಹುಣಸೆ, ಹುರಿದ ಮೆಣಸಿನಕಾಯಿ, ಒಣಕೊಬ್ಬರಿ... ಚಟ್ನಿಪುಡಿ! ಆ ತಣ್ಣನೆಯ ಮುಚ್ಚಿದ ಗಾಳಿಯಲ್ಲಿ ಅದರ ವಾಸನೆ ಸಾಲಿನಿಂದ ಸಾಲಿಗೆ ದಾಟಿಕೊಂಡು ಬಂತು. ಪಕ್ಕದಲ್ಲಿ ಕೂತಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ನನಗೆ ಮಾತ್ರ ದೆಹಲಿಯ ಮುನಿರ್ಕಾದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಆಂಟಿ ಎದುರಿಗೆ ಬಂದು ನಿಂತ ಹಾಗಾಯಿತು. ‘ನಿಂತ ಹಾಗೆ’ ಎಂದು ಬೇಕೆಂದೇ ಬರೆದಿದ್ದೇನೆ. ನಿಲ್ಲುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಆಗ ನಾನು ಗುರುಗ್ರಾಮದ ಒಂದು ಕಂಪನಿಗೆ ಹೊಸದಾಗಿ ಸೇರಿ ಮುನಿರ್ಕಾದಲ್ಲಿ ಕೋಣೆ ಹಿಡಿದಿದ್ದೆ. ಅಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ, ನಮ್ಮ ಬಾಲ್ಕನಿಯಲ್ಲಿ ನಿಂತು ಎದುರು ಮನೆಯವರ ತಂತಿಯ ಮೇಲೆ ಬಟ್ಟೆ ಒಣಹಾಕಬಹುದಿತ್ತು. ಮೆಟ್ಟಿಲಲ್ಲಿ ಒಬ್ಬರು ಹತ್ತುತ್ತಿದ್ದರೆ ಇಳಿಯುವವರು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಳ್ಳಬೇಕು. ಹಾಗೆ ಅಂಟಿಕೊಂಡಿದ್ದಾಗಲೇ ಆಂಟಿಯ ಪರಿಚಯವಾದದ್ದು. ನಾನು ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಿದ್ದೆ. ಅವರು ತರಕಾರಿ ಚೀಲ ಹಿಡಿದು ಮೇಲೆ ಬರುತ್ತಿದ್ದವರು ನಿಂತು ಪೂರ್ತಿ ಕೇಳಿಸಿಕೊಂಡರು. "ನಿಮ್ಮಮ್ಮ ಹೇಳ್ತಿರೋದೇ ಸರಿ. ಬಾ, ಊಟ ಮಾಡು" ಎಂದರು.

ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸ್ಟೆನೋ ಆಗಿ ಸೇರಿ, ಅಧಿಕಾರಿಯಾಗಿ ನಿವೃತ್ತರಾದವರು. ಆರ್.ಕೆ. ಪುರಂ ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ ರಸ್ತೆ ದಾಟಿ ಮುನಿರ್ಕಾಕ್ಕೆ ಬಂದಿದ್ದರು. ಮದುವೆ ಆಗಿರಲಿಲ್ಲ. ತಮ್ಮನನ್ನೂ ತಂಗಿಯರನ್ನೂ ಒಬ್ಬೊಬ್ಬರನ್ನಾಗಿ ಕರೆಸಿಕೊಂಡು, ಎರಡು ಕೋಣೆಯ ಆ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಓದಿಸಿದ್ದರು. ಅಷ್ಟೂ ವರ್ಷ ತಾವು ಮಲಗಿದ್ದು ಅಡುಗೆಮನೆಯಲ್ಲಿ. ಊರಿಗೆ ಹೋಗುವುದೆಂದರೆ ಎರಡು ರಾತ್ರಿಯ ರೈಲು. ಕೆಳಗಿನ ಬರ್ತು ಸಿಕ್ಕಿದರೆ ಯಾರಾದರೂ ಬಸುರಿಗೆ, ಮುದುಕರಿಗೆ. ಕಿಟಕಿ ಸಿಕ್ಕಿದರೆ ಮಕ್ಕಳಿಗೆ. ಏನೂ ಸಿಗದಿದ್ದರೆ ಬಾಗಿಲ ಬಳಿ ಟ್ರಂಕಿನ ಮೇಲೆ. ಇದನ್ನೆಲ್ಲ ಅವರು ದುಃಖದಿಂದ ಹೇಳುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಾ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಕೇಳಿಸಿಕೊಳ್ಳುವ ನನಗೇ ಮೈ ಉರಿಯುತ್ತಿತ್ತು. ನನಗೆ ಕೋಪ ಬೇಗ ಬರುತ್ತದೆ, ಮಾತು ತಡವಾಗಿ ಬರುತ್ತದೆ.

ನಮ್ಮ ತಾರಸಿಯಿಂದ ವಿಮಾನಗಳು ತೀರಾ ಹತ್ತಿರ ಕಾಣುತ್ತಿದ್ದವು. ಹಪ್ಪಳ ಒಣಗಿಸಲು ಬಂದ ಆಂಟಿ ಒಂದೊಂದು ವಿಮಾನ ಬಂದಾಗಲೂ ಹಣೆಗೆ ಕೈ ಅಡ್ಡ ಹಿಡಿದು ಅದು ಮರೆಯಾಗುವವರೆಗೂ ನೋಡುತ್ತಿದ್ದರು. ತಾವು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಒಂದು ದಿನ ಅಲ್ಲಿಯೇ ಹೇಳಿದರು, ದೆಹಲಿ ಬಿಡುತ್ತಿದ್ದೇನೆ ಎಂದು. ಮಂಡಿ ಮಾತು ಕೇಳುತ್ತಿರಲಿಲ್ಲ, ತುಮಕೂರಿನ ತಂಗಿ ಬಾ ಬಾ ಎಂದು ಒಂದೇ ಸಮನೆ ಕರೆಯುತ್ತಿದ್ದರು.

"ವಿಮಾನದಲ್ಲೇ ಹೋಗ್ತೀನಿ. ಕಿಟಕಿ ಸೀಟೇ ಬೇಕು" ಎಂದರು. "ಇಷ್ಟು ವರ್ಷ ಈ ಊರಿನ ಹೊಟ್ಟೆಯೊಳಗೇ ಇದ್ದೆ ಕಣೇ. ಬಸ್ಸಿನ ಕಿಟಕಿಯಿಂದ ನೋಡಿದ್ದೆಲ್ಲ ಬರೀ ಪಕ್ಕದ ಬಸ್ಸು. ಹೋಗೋ ಮುಂಚೆ ಒಂದೇ ಒಂದು ಸಲ ಇದನ್ನ ಪೂರ್ತಿ ನೋಡ್ಬೇಕು."

ಅವರು ಏನನ್ನಾದರೂ ‘ಬೇಕು’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದಿನವನ್ನೂ ಅವರೇ ಆರಿಸಿದರು. ಮಳೆ ನಿಂತು, ಇನ್ನೂ ಹೊಗೆ ಕವಿಯದ ಆ ಕೆಲವು ವಾರಗಳಿರುತ್ತವಲ್ಲ, ದೆಹಲಿಯಲ್ಲಿ ಆಕಾಶವೆಂಬುದು ಕಾಣುವ ವಾರಗಳು... ಆಗಲೇ ಹೋಗಬೇಕು, ಬೆಳಗಿನ ವಿಮಾನವೇ ಆಗಬೇಕು, ರೆಕ್ಕೆ ಅಡ್ಡ ಬರಬಾರದು. ನಾನು ದಸರೆಗೆ ಊರಿಗೆ ಹೋಗುವವಳಿದ್ದೆ. ಇಬ್ಬರಿಗೂ ಒಂದೇ ಸಾಲಿನಲ್ಲಿ ಟಿಕೆಟ್ ಮಾಡಿದೆ. ಅವರಿಗೆ ಕಿಟಕಿ, ನನಗೆ ನಡೆದಾಡುವ ಓಣಿಯ ಕಡೆಯದು. ನಡುವಿನದನ್ನು ಯಾರೂ ತೆಗೆದುಕೊಳ್ಳದೆ ಖಾಲಿ ಉಳಿಯಲಿ, ಕಾಲು ಚಾಚಬಹುದು ಎಂಬ ದುರಾಸೆ ನನ್ನದು.

ವಿಮಾನ ನಿಲ್ದಾಣಕ್ಕೆ ಆಂಟಿ ರೈಲಿಗೆ ಹೊರಡುವ ಹಾಗೆಯೇ ಹೊರಟರು. ಎರಡು ಹೊತ್ತಿನ ಚಪಾತಿ, ಚಟ್ನಿಪುಡಿ, ಹಾಸಿಕೊಳ್ಳಲು ಒಂದು ಹಳೆಯ ಬೆಡ್‌ಶೀಟು. ತಪಾಸಣೆಯಲ್ಲಿ ಅವರ ಕೈಚೀಲ ಯಂತ್ರದೊಳಗಿಂದ ಬಂದದ್ದೇ ಭದ್ರತೆಯ ಹೆಣ್ಣುಮಗಳು ಅದನ್ನು ಪಕ್ಕಕ್ಕೆಳೆದಳು. ಒಳಗಿದ್ದದ್ದು ಒಂದು ದಪ್ಪ ಕಬ್ಬಿಣದ ಸರಪಳಿ, ಬೀಗ.

"ಯೇ ಕಿಸ್‌ಲಿಯೇ, ಮಾತಾಜಿ?"

"ಸೀಟ್ ಕೇ ನೀಚೇ ಸಾಮಾನ್ ಬಾಂಧ್‌ನೇ ಕೇ ಲಿಯೇ" ಎಂದರು ಆಂಟಿ, ಇದೂ ಕೇಳುವ ವಿಷಯವೇ ಎಂಬಂತೆ. ಸೀಟಿನ ಕೆಳಗೆ ಸಾಮಾನು ಕಟ್ಟದೆ ದೆಹಲಿಯಿಂದ ಊರಿಗೆ ಹೋದವರು ಯಾರಿದ್ದಾರೆ? ಆ ಹೆಣ್ಣುಮಗಳು ನಗು ತಡೆದುಕೊಂಡು ಸರಪಳಿಯನ್ನು ಎತ್ತಿಟ್ಟುಕೊಂಡಳು. "ಹಾಗಾದರೆ ಸಾಮಾನಿನ ಜವಾಬ್ದಾರಿ ನಿಮ್ಮದೇ" ಎಂದು ಆಂಟಿ ಹಿಂದಿಯಲ್ಲಿ ಎಚ್ಚರಿಕೆ ಕೊಟ್ಟು ಮುಂದೆ ನಡೆದರು.

ವಿಮಾನದೊಳಗೆ ನಮ್ಮ ಸಾಲಿಗೆ ಬಂದರೆ ಕಿಟಕಿಯಲ್ಲಿ ಒಬ್ಬರು ಆಗಲೇ ಕೂತಿದ್ದರು. ನಲವತ್ತರ ಆಸುಪಾಸಿನ ಗಂಡಸು. ಕುತ್ತಿಗೆಗೆ ದಿಂಬು, ಸೊಂಟಕ್ಕೆ ಬೆಲ್ಟು, ಕಣ್ಣು ಮುಚ್ಚಿ ಸಮಾಧಿ ಸ್ಥಿತಿ. ನಾನು ಹೆಗಲು ತಟ್ಟಿ ಎಬ್ಬಿಸಿ ಇದು ಇವರ ಸೀಟು ಎಂದೆ. ಒಂದೇ ಕಣ್ಣು ತೆರೆದರು. ಅವರದು ನಡುವಿನ ಸೀಟಂತೆ, ನಡುವೆ ಕೂತರೆ ಉಸಿರು ಕಟ್ಟಿದಂತಾಗುತ್ತದಂತೆ. "ಆಂಟಿಜೀ, ಥೋಡಾ ಅಡ್ಜಸ್ಟ್ ಕರ್ ಲೀಜಿಯೇ. ಮೇಲೆ ಹೋದಮೇಲೆ ಬೇಕಾದರೆ ಬದಲಾಯಿಸಿಕೊಳ್ಳೋಣ" ಎಂದು ಮತ್ತೆ ಕಣ್ಣು ಮುಚ್ಚಿದರು.

ಮೇಲೆ ಹೋದಮೇಲೆ! ಮೇಲೆ ಹೋದಮೇಲೆ ಅಲ್ಲಿ ಏನಿರುತ್ತದೆ? ಹತ್ತಿಯಂಥ ಮೋಡ. ಅದು ಯಾರಿಗೆ ಬೇಕಾಗಿತ್ತು? ಆಂಟಿಗೆ ಬೇಕಾಗಿದ್ದ ಊರು ಕಿಟಕಿಯಲ್ಲಿ ಕಾಣುವುದು ನೆಲ ಬಿಟ್ಟ ಆ ಮೊದಲ ಕೆಲವು ನಿಮಿಷ ಮಾತ್ರ. ಅದು ತಪ್ಪಿದರೆ ತಪ್ಪಿತು. ಅವರು ಈ ಊರಿಗೆ ಮತ್ತೆ ಬರುವವರಲ್ಲ. ನನಗೆ ಕಿವಿಯವರೆಗೂ ರಕ್ತ ಏರಿತು. ಬಾಯಿ ತೆರೆದರೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಆಂಟಿ ನನ್ನ ಮಣಿಕಟ್ಟು ಹಿಡಿದರು. "ನೀನು ಸುಮ್ನಿರು" ಎಂದರು.

ಅಷ್ಟರಲ್ಲಿ ನಮ್ಮ ಹಿಂದೆ ಓಣಿ ತುಂಬಿಹೋಗಿತ್ತು. ಗಗನಸಖಿ ಬಂದಳು. ಚೀಟಿ ನೋಡಿದಳು, ಆತನನ್ನು ವಿನಯದಿಂದ ಕೇಳಿದಳು. ಆತ ಉಸಿರಿನ ಕಥೆಯನ್ನು ಇನ್ನಷ್ಟು ಉದ್ದಕ್ಕೆ ಹೇಳಿದರು. ಅವಳು ನಮ್ಮ ಕಡೆ ತಿರುಗಿ, ಹಿಂದೆ ಓಣಿಯ ಪಕ್ಕದ ಸೀಟೊಂದು ಖಾಲಿ ಇದೆ, ಕಾಲಿಗೂ ಆರಾಮ, ಮ್ಯಾಡಮ್ ಅಲ್ಲಿ ಕೂರಬಹುದೇ ಎಂದಳು. ಹಿಂದಿನಿಂದ ಯಾರೋ ಹೊತ್ತಾಗುತ್ತಿದೆ, ಕೂತುಬಿಡಿ ಎಂದು ಗೊಣಗಿದರು: "ಆಂಟಿಜೀ, ಬೈಠ್ ಜಾಯಿಯೇ ನಾ, ದೇರ್ ಹೋ ರಹೀ ಹೈ."

ರೈಲಿನಲ್ಲಿ ಇಂಥ ಹೊತ್ತಿನಲ್ಲಿ ಏನಾಗುತ್ತದೆಂದು ಆಂಟಿಗೆ ಚೆನ್ನಾಗಿ ಗೊತ್ತಿತ್ತು. ಕೂತವನು ಗೆಲ್ಲುತ್ತಾನೆ, ನಿಂತವರು ಸೋಲುತ್ತಾರೆ. ಟವೆಲ್ ಹಾಕಿದವನದೇ ಸೀಟು. ನಿಂತವರನ್ನು ನಿಲ್ಲಿಸಿಕೊಂಡೇ ರೈಲು ಹೊರಟುಬಿಡುತ್ತದೆ. ಆಂಟಿ ಒಂದು ಕ್ಷಣ ಸುತ್ತ ನೋಡಿದರು. ಆಮೇಲೆ ಕಚೇರಿಯಲ್ಲಿ ಫೈಲಿನ ವಿಷಯ ವಿಚಾರಿಸುವ ಧ್ವನಿಯಲ್ಲಿ ಗಗನಸಖಿಯನ್ನು ಕೇಳಿದರು: "ಬೇಟಿ, ಎಲ್ಲರೂ ಕೂತ ಮೇಲೇ ಅಲ್ವಾ ಇದು ಹೊರಡೋದು?"

ಹಿಂದಿಯಲ್ಲಿಯೇ ಕೇಳಿದ್ದು. ನನ್ನ ನೆನಪಿನಲ್ಲಿ ಅದು ಯಾಕೋ ಕನ್ನಡದಲ್ಲೇ ಉಳಿದುಕೊಂಡಿದೆ...

"ಹಾಂ ಜೀ, ಮ್ಯಾಡಮ್."

"ಅಚ್ಛಾ. ಫಿರ್ ಠೀಕ್ ಹೈ" ಎಂದು ಆಂಟಿ ಚೀಲವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿನ ಸೀಟಿನ ಬೆನ್ನು ಹಿಡಿದು ನಿಂತರು. ನಿಂತೇ ಬಿಟ್ಟರು. ಮುಖದಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಬಸ್ ಸ್ಟಾಪಿನಲ್ಲಿ ಸಂಜೆಯ ಬಸ್ಸಿಗೆ ಕಾಯುವವರ ಮುಖ. ಆ ಕೆಲಸದಲ್ಲಿ ಅವರಿಗಿದ್ದ ಅನುಭವ ಆ ಇಡೀ ವಿಮಾನದಲ್ಲಿ ಯಾರಿಗಿತ್ತು?

ದಿಂಬಿನವರು ಕಣ್ಣು ತೆರೆದು, "ಇಷ್ಟು ಸಣ್ಣ ವಿಷಯಕ್ಕೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಲಾಗದೇ" ಎಂದು ಕೇಳಿದರು. ಆಂಟಿ ನಕ್ಕರು. "ಕರ್ ಚುಕೀ ಹೂಂ, ಬೇಟಾ. ಬಹುತ್ ಸಾಲ್ ಕರ್ ಚುಕೀ" ಎಂದರು. ಮಾಡಿ ಮುಗಿಸಿದ್ದೇನೆ ಎಂದು. ಅಷ್ಟೇ. ವಾದವಿಲ್ಲ, ಮಂಡಿ ನೋವಿನ ಮಾತಿಲ್ಲ. ಊರು ಬಿಟ್ಟು ಹೋಗುತ್ತಿರುವ ವಿಷಯವನ್ನೂ ಎತ್ತಲಿಲ್ಲ. ತನ್ನ ಸೀಟು ಕೇಳಲು ಕಾರಣ ಕೊಡಬೇಕಾದದ್ದೇನಿದೆ?

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಶಿಳ್ಳೆ ಹೊಡೆಯಬೇಕೆನಿಸುತ್ತದೆ. ಮೊದಲು ಆಂಟಿಯನ್ನು ಕೂರಿಸಲು ಅವಸರಪಟ್ಟಿದ್ದ ದನಿಯೇ, "ಭಾಯಿಸಾಹಬ್, ಉಠ್ ಜಾವೋ ಯಾರ್" ಎಂದು ಈಗ ಆತನನ್ನು ಏಳಿಸಹೊರಟಿತು. ಮುಂದಿನ ಸಾಲಿನ ಸರ್ದಾರ್ಜಿಯೊಬ್ಬರು ಪೂರ್ತಿ ಹಿಂದಕ್ಕೆ ತಿರುಗಿ ಕೂತರು, ಸುಮ್ಮನೆ ಆತನನ್ನೇ ನೋಡುತ್ತಾ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಗಟ್ಟಿಯಾಗಿ, ಆಂಟಿ ನಿಂತಿರುವಾಗಲೂ ಸರಿಯಾಗೇ ಉಸಿರಾಡುತ್ತಿದ್ದಾರಲ್ಲ, ನಿಮಗೇನಾಗಿದೆ ಎಂದಳು. ನಗು ಸಾಲು ಸಾಲು ಹಿಂದಕ್ಕೆ ಹರಿಯಿತು. ದಿಂಬಿನವರು ಬೆಲ್ಟು ಬಿಚ್ಚಿದರು. ಆ ‘ಟಕ್’ ಎಂಬ ಸಣ್ಣ ಸದ್ದಿಗೆ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಸುಳ್ಳಲ್ಲ. ಆಂಟಿ ಒಳಗೆ ಸರಿದು ಕಿಟಕಿಯ ಬಳಿ ಕೂತು ಬೆಲ್ಟಿನ ಎರಡು ತುದಿಗಳನ್ನು ನನಗೆ ತೋರಿಸಿ, "ಇದನ್ನ ಹೇಗೆ ಹಾಕೋದೇ?" ಎಂದು ಕೇಳಿದರು.

ವಿಮಾನ ಎದ್ದಿತು. ನಮ್ಮ ಪುಣ್ಯ, ನಮ್ಮ ಬದಿಗೇ ವಾಲಿತು. ಆಂಟಿ ಹಣೆಯನ್ನು ಗಾಜಿಗೆ ಒತ್ತಿಕೊಂಡಿದ್ದರು. ಕುತುಬ್ ಎಂದರು. ಅಗೋ ಕಾಡು, ಅದರ ಪಕ್ಕ ನಮ್ಮ ಆರ್.ಕೆ. ಪುರಂ ಇರಬೇಕು ಎಂದರು. ಆಮೇಲೆ ದೂರದಲ್ಲಿ ಯಮುನೆ ಬಿಸಿಲಿಗೆ ಮಿಂಚಿದಾಗ ಗಾಜಿಗೆ ಇನ್ನಷ್ಟು ಒತ್ತಿಕೊಂಡರು. ನಾನು ಊರನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಅತ್ತಾರೇನೋ ಎಂದುಕೊಂಡೆ. ಇಲ್ಲ! ಕಿಟಕಿಗೆ ಅಂಗೈ ಅಡ್ಡ ಹಿಡಿದರು, ತೆಗೆದರು, ಮತ್ತೆ ಹಿಡಿದರು. ನನ್ನ ಕಡೆ ತಿರುಗಿದ ಆ ಮುಖದಷ್ಟು ಖುಷಿಯಾದ ಮುಖವನ್ನು ನಾನು ಹೆಚ್ಚು ನೋಡಿಲ್ಲ.

"ಇಷ್ಟೇ ಏನೇ ಇದು? ಒಂದು ಅಂಗೈಗೆ ಮುಚ್ಚಿಹೋಗತ್ತೆ! ಇದಾ ನನ್ನನ್ನ ಅಷ್ಟು ವರ್ಷ ಓಡಾಡಿಸಿದ್ದು?"

ಬೆಲ್ಟಿನ ದೀಪ ಆರಿದ ಮೇಲೆ ಡಬ್ಬಿ ಹೊರಬಂತು. ಚಟ್ನಿಪುಡಿಯ ವಾಸನೆಗೆ ಹಿಂದಿನವರು ಕೆಮ್ಮಿದರು, ಆಂಟಿ ಲಕ್ಷ್ಯ ಮಾಡಲಿಲ್ಲ. ಮೊದಲ ಚಪಾತಿ ಸುರುಳಿ ಸುತ್ತಿ ಕೊಟ್ಟದ್ದು ದಿಂಬಿನವರಿಗೆ. ಆತ ಬೇಡ ಎಂದರು, ಆಂಟಿ ಆತನ ಕೈಗೆ ತುರುಕಿದರು. ತಿಂದರು, ಇನ್ನೊಂದನ್ನೂ ತಿಂದರು. ಆಮೇಲೆ ಆಂಟಿ ನನ್ನ ಕಡೆ ಬಗ್ಗಿ ಗದರಿದರು: "ತೆಗಿಯೇ ಆ ಮೊಣಕೈ! ನಡುವೆ ಕೂತಿರೋರಿಗೆ ಕಿಟಕೀನೂ ಇಲ್ಲ, ಕಾಲು ಚಾಚೋಕೆ ಜಾಗಾನೂ ಇಲ್ಲ. ಎರಡು ಕಡೆ ಕೈ ಇಡೋ ಜಾಗ ಆದ್ರೂ ಅವರಿಗಿರ್ಲಿ." ನಾನು ಮೊಣಕೈ ಎಳೆದುಕೊಂಡೆ. ಶತ್ರುವಿಗೆ ಎರಡೆರಡು ಕೈಯಾಸರೆ! ನನಗೆ ಸಂಕಟವೇ ಆಯಿತು. ಆದರೆ ಆತ ಕೈ ಊರಿ ಹಿಂದಕ್ಕೊರಗಿ ಬೆಂಗಳೂರಿನವರೆಗೂ ಹಾಯಾಗಿ ನಿದ್ದೆ ಮಾಡಿದರು. ಉಸಿರಿಗೆ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಆಮೇಲೆ ಆಂಟಿಯನ್ನು ನೋಡುವುದಾಗಲೇ ಇಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು, ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ... ಒಂದು ಮಧ್ಯಾಹ್ನ ಅವರ ತಂಗಿಯ ಫೋನ್ ಬಂತು, ಅಕ್ಕ ತೀರಿಕೊಂಡರು ಎಂದು. ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ಊಟ ಅಲ್ಲಿಯೇ ಬಿಟ್ಟು ಹೊರಗೆ ಬಂದು ಅತ್ತೆ. ತಂಗಿ ಹೇಳಿದರು, ತುಮಕೂರಿನಲ್ಲಿ ಆಂಟಿಯನ್ನು ನೋಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ಅಷ್ಟು ವರ್ಷ ಇದ್ದ ದೆಹಲಿ ಬಿಟ್ಟು ಬಂದದ್ದಕ್ಕೆ ಬೇಜಾರಿಲ್ಲವೇ?

"ಬಿಟ್ಟು ಬಂದಿಲ್ಲಪ್ಪ, ನೋಡಿ ಮುಗಿಸಿ ಬಂದೆ" ಎನ್ನುತ್ತಿದ್ದರಂತೆ.

ಮುನಿರ್ಕಾದ ಆ ಮನೆಯಲ್ಲಿ ಈಗ ಯಾರೋ ವಿದ್ಯಾರ್ಥಿಗಳಿದ್ದಾರೆ. ನಾನೂ ಫರೀದಾಬಾದ್ ಕಡೆಗೆ ಮನೆ ಬದಲಾಯಿಸಿದ್ದೇನೆ. ಬಾ ಊಟ ಮಾಡು ಎಂದು ಮೆಟ್ಟಿಲಲ್ಲಿ ನಿಲ್ಲಿಸಿ ಕರೆಯುವವರು ಇಲ್ಲಿ ಯಾರೂ ಇಲ್ಲ. ಹೋದ ತಿಂಗಳು ಆ ವಿಮಾನದಲ್ಲಿ ಅವರು ಬಹಳ ನೆನಪಾದರು. ಆದರೂ ತೀರಿಹೋದ ಎಲ್ಲರಿಗೂ ನಾವು ಅಭ್ಯಾಸದಿಂದ ಹಚ್ಚುವ ‘ಪಾಪ’ ಎಂಬ ಮಾತನ್ನು ಅವರ ಬಗ್ಗೆ ಆಡಲು ನನ್ನ ನಾಲಿಗೆ ಏಳುವುದಿಲ್ಲ. ಜೀವಮಾನದಲ್ಲಿ ಒಂದೇ ಒಂದನ್ನು ಬೇಕು ಎಂದರು, ಅದನ್ನು ಕಣ್ತುಂಬ ನೋಡಿಯೇ ಹೋದರು.