ಕುದುರೆ ಇಳಿದ ಸಣ್ಣೇಗೌಡ

ಬೆಳಿಗ್ಗೆ ಆರು ಗಂಟೆಗೆ ಐದು ನಿಮಿಷ ಇರುವಾಗ ಸಣ್ಣೇಗೌಡ ಸ್ಟೋರಿನ ಬಾಗಿಲಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಾಫಿ ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲೆ ನಿಲ್ಲುತ್ತಿದ್ದ. ಮುಳ್ಳು ಅಲುಗಾಡುವುದು ನಿಲ್ಲುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದ. ಐವತ್ತು ಕಿಲೋ. ಅದು ಐವತ್ತೊಂದಾದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಕೆಳಗಿಳಿದು, "ಸರಿ ಐತೆ ರೈಟ್ರೇ" ಎಂದು ಹೇಳಿದ ಮೇಲೆಯೇ ಅವನ ಬಾಯಿಗೆ ಕಾಫಿ. ಅವನು ಕುದುರೆ ರೇಸಿನ ಸವಾರಿ ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ಈ ಕ್ರಮ ತಪ್ಪಲಿಲ್ಲ.

ಬಾಳ್ಳುಪೇಟೆಯಿಂದ ನಾಲ್ಕು ಮೈಲಿ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮೂವತ್ತೆಂಟು ವರ್ಷ ರೈಟರ್ ಆಗಿದ್ದೆ. ಗಂಟೆ ಹೊಡೆಸುವುದು, ಹಾಜರಿ ಹಿಡಿಯುವುದು, ಆಳುಗಳನ್ನು ಸಾಲು ಹಂಚಿ ಕಳಿಸುವುದು ನನ್ನ ಕೆಲಸ. ಗಂಟೆಗೆ ಮುಂಚೆ ಬಂದು ನಿಲ್ಲುವ ಮನುಷ್ಯನನ್ನು ಆ ಮೂವತ್ತೆಂಟು ವರ್ಷಗಳಲ್ಲಿ ನಾನು ಕಂಡದ್ದು ಒಬ್ಬನನ್ನೇ. ದೊಡ್ಡ ಜಾಕಿಗಳ ಹೆಸರು, ದೊಡ್ಡ ಕಪ್ ಗೆದ್ದ ಕುದುರೆಗಳ ಹೆಸರು ಹೇಳುವವರು ಈಗಲೂ ಸಿಗುತ್ತಾರೆ. ಮಧ್ಯಾಹ್ನದ ಮೊದಲ ರೇಸಿನಲ್ಲಿ, ಗ್ಯಾಲರಿ ತುಂಬುವ ಮೊದಲೇ ಓಡಿ ಮುಗಿಸುತ್ತಿದ್ದವರ ಹೆಸರು ಹೇಳುವವರು ಯಾರೂ ಇಲ್ಲ. ಸಣ್ಣೇಗೌಡ ಅಂಥವರಲ್ಲಿ ಒಬ್ಬ. ನನಗೆ ಅವನ ಹೆಸರು ಹೇಳಲು ಹೆಮ್ಮೆ.

ಆಳು ಐದಡಿ ಇರಲಿಲ್ಲ. ಕಾಲು ಎರಡೂ ಬಿಲ್ಲಿನ ಹಾಗೆ ಬಾಗಿದ್ದವು. ಅಂಗೈಗಳು ಮಾತ್ರ ದೇಹಕ್ಕೆ ಹೊಂದದಷ್ಟು ದೊಡ್ಡವು. ಊಟಕ್ಕೆ ಕೂತರೆ ಅರ್ಧ ಮುದ್ದೆ, ಅಷ್ಟೇ. ಇನ್ನೊಂದರ್ಧ ಹಾಕಲು ಹೋದ ನನ್ನ ಹೆಂಡತಿಗೆ, "ಬ್ಯಾಡ ಕಣಕ್ಕ, ಕುದುರೆಗೆ ಲೆಕ್ಕ ಗೊತ್ತಾಯ್ತದೆ" ಎನ್ನುತ್ತಿದ್ದ. "ಯಾವ ಕುದುರೆ ಮಾರಾಯ, ನೀನು ಇಳಿದು ಎಷ್ಟು ವರ್ಷ ಆಯ್ತು" ಎಂದು ಅವಳು ಕೇಳಿದರೆ, "ಅದು ಮರೆತಿರಲ್ಲ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ.

ಚಿಕ್ಕವನಿದ್ದಾಗ ಬಾಳ್ಳುಪೇಟೆಯ ಅಂಚೆ ಕಚೇರಿಯಿಂದ ಎಸ್ಟೇಟಿಗೆ ಟಪಾಲು ತರುವ ತಟ್ಟು ಕುದುರೆಯ ಮೇಲೆ ಜೀನಿಲ್ಲದೆ ಕೂತು ಬರುತ್ತಿದ್ದನಂತೆ. ನಮ್ಮ ಧಣಿಗಳು ಆಗ ಒಂದೆರಡು ರೇಸು ಕುದುರೆ ಸಾಕಿದ್ದರು. ಅವನು ಕೂರುವ ರೀತಿ ನೋಡಿ ಬೆಂಗಳೂರಿನ ಲಾಯಕ್ಕೆ ಕಳಿಸಿದರು. ಮೂರು ವರ್ಷ ಲದ್ದಿ ಬಾಚಿ, ನೀರು ಹೊತ್ತು, ನಾಲ್ಕನೆಯ ವರ್ಷ ಅವನಿಗೆ ಸವಾರಿ ಸಿಕ್ಕಿತು. ಹದಿನಾಲ್ಕು ವರ್ಷ ಬೆಂಗಳೂರು, ಮೈಸೂರುಗಳಲ್ಲಿ ಓಡಿಸಿದ. ಗೆದ್ದದ್ದು ಕಡಿಮೆ. ಅವನಿಗೆ ಸಿಗುತ್ತಿದ್ದದ್ದು ದೊಡ್ಡ ಜಾಕಿಗಳು ಬೇಡವೆಂದು ಬಿಟ್ಟ ಕುದುರೆಗಳು.

ಆ ಕುದುರೆಗಳ ಬಗ್ಗೆ ಅವನು ನೆಂಟರ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದ. ಡೆಕ್ಕನ್ ಡ್ರಮ್ ಎಂಬ ಒಂದು ಗಂಡು ಕುದುರೆ, ಉಳಿದವೆಲ್ಲ ಹೊರಟವೋ ಇಲ್ಲವೋ ಎಂದು ನೋಡಿಕೊಂಡೇ ಹೊರಡುತ್ತಿತ್ತು. "ಮದುವೆ ಮನೇಲಿ ಎಲ್ರೂ ಕೈ ತೊಳೆದ ಮೇಲೆ ಊಟಕ್ಕೆ ಏಳೋ ಜಾತಿ ಅದು." ಲಿಟಲ್ ಲ್ಯಾಂಪ್ ಎಂಬುದಕ್ಕೆ ಒಂದು ಕಣ್ಣು ಮಂಜು. ಆ ಕಡೆಯಿಂದ ಬೇರೆ ಕುದುರೆ ಬಂದರೆ ಬೆಚ್ಚುತ್ತದೆಂದು ಇವನು ಓಟದುದ್ದಕ್ಕೂ ಅದರ ಕಿವಿಗೆ ಮಾತಾಡುತ್ತಿದ್ದ. "ಏನು ಮಾತಾಡ್ತಿದ್ದೆ?" ಎಂದು ಕೇಳಿದೆ. "ಯಾರ್ಯಾರು ಎಲ್ಲೆಲ್ಲವ್ರೆ ಅಂತ ಹೇಳ್ತಿದ್ದೆ. ಗೊತ್ತಾದ್ರೆ ಭಯ ಇರಲ್ಲ ಅಲ್ವಾ."

ಅವನ ಬದುಕಿನ ಕುದುರೆ ಎಂದರೆ ಧಣಿಗಳದೇ ಒಂದು ಕೆಂಪು ಹೆಣ್ಣು. ಕಾಗದದಲ್ಲಿ ಅದರ ಹೆಸರು ಬ್ಲಾಸಮ್ ಶವರ್. ಮಾರ್ಚಿನಲ್ಲಿ ಬಿದ್ದು ಕಾಫಿ ಗಿಡದಲ್ಲಿ ಹೂ ಅರಳಿಸುವ ಮಳೆಯ ಹೆಸರು ಅದು. ಆಳುಗಳ ಲೈನುಮನೆಯವರೆಲ್ಲ ಹೂಮಳೆ ಎಂದೇ ಕರೆಯುತ್ತಿದ್ದರು. ಓಟ ಮುಗಿದ ಕಾಲಕ್ಕೆ ಕುದುರೆಯೂ ಸವಾರನೂ ಒಟ್ಟಿಗೆ ಎಸ್ಟೇಟಿಗೆ ಬಂದರು. ನಮ್ಮ ಕಡೆಯ ರೇಸುಗಳಲ್ಲಿ ಕುದುರೆಗಳು ಬಲಕ್ಕೇ ತಿರುಗುವುದಂತೆ. ಹೂಮಳೆ ಎಡ ತಿರುವು ಬಂದ ಕಡೆಯೆಲ್ಲ ನಾಲ್ಕು ಕಾಲೂರಿ ನಿಲ್ಲುತ್ತಿತ್ತು. ಹಾಗಾಗಿ ಟಪಾಲು ತರಲು ಬಾಳ್ಳುಪೇಟೆಗೆ ನೆಟ್ಟಗೆ ಹೋಗುವ ದಾರಿ ಬಿಟ್ಟು, ಸಣ್ಣೇಗೌಡ ಕೆರೆ ಸುತ್ತಿ ಬಲಕ್ಕೆ ಬಲಕ್ಕೆ ತಿರುಗಿಕೊಂಡು ಹೋಗುತ್ತಿದ್ದ. "ಅರ್ಧ ಗಂಟೆ ದಂಡ ಅಲ್ಲವೇನೋ, ಎಡಕ್ಕೆ ತಿರುಗೋದು ಕಲಿಸು" ಎಂದೆ. "ನಿಮಗೆ ಯಾರಾದ್ರೂ ಹಾಜರಿ ತಡವಾಗಿ ಹಿಡಿಯೋದು ಕಲಿಸಕ್ಕಾಯ್ತದಾ ರೈಟ್ರೇ?" ಎಂದ.

ಇನ್ನು ಅವನ ಅಪ್ಪ ತಿಮ್ಮೇಗೌಡರ ವಿಷಯ. ಅವರು ಕೆ. ಹೊಸಕೋಟೆಯ ಪಕ್ಕದ ಹಳ್ಳಿಯವರು. ರಾಗಿ ಬೆಳೆಯುವ ಹೊಲ, ಎರಡೆಕರೆ ಕಾಫಿ. ಎಂಬತ್ತು ದಾಟಿದರೂ ತಿಂಗಳಿಗೊಮ್ಮೆ ಬಸ್ಸು ಹಿಡಿದು ಮಗನನ್ನು ನೋಡಲು ಬರುತ್ತಿದ್ದರು. ಅವರ ಬಳಿ ಒಂದೇ ಒಂದು ಕಥೆ ಇತ್ತು. ಬಸ್ಸಿನ ಕಂಡಕ್ಟರು, ಹೋಟೆಲಿನವರು, ಹೊಸದಾಗಿ ಬಂದ ಆಳುಗಳು, ಯಾರೂ ಅದರಿಂದ ತಪ್ಪಿಸಿಕೊಂಡವರಲ್ಲ.

"ಒಂದೇ ಸಲ ಹೋಗಿದ್ದು ಕಣ್ರೀ ನಾನು, ಮೈಸೂರಿಗೆ. ಬೇಲಿ ಹತ್ರ ನಿಂತಿದ್ದೆ. ಹನ್ನೊಂದು ಕುದುರೆ. ನಮ್ಮ ಹೂಮಳೆ ಎಲ್ಲಕ್ಕೂ ಮುಂದೆ ಬಂತು. ದೊಡ್ಡ ದೊಡ್ಡ ಜಾಕಿಗಳೆಲ್ಲ ಹಿಂದೆ. ತಿರುಗಿ ನಡೆಸ್ಕೊಂಡು ಬರ್ತಾ ನನ್ನ ಮಗ ನನ್ನ ನೋಡ್ದ. ನೋಡಿದ್ದೇ ಕುದುರೆ ಇಳಿದ್ಬುಟ್ಟ. ಅಷ್ಟು ಜನದ ಮುಂದೆ, ಆ ರೇಷ್ಮೆ ಅಂಗೀಲಿ, ಬೇಲಿ ಕೆಳಗೆ ಕೈ ತೂರಿಸಿ ನನ್ನ ಕಾಲು ಮುಟ್ಟಿದ. ಆಮೇಲೆ ಸೈರನ್ ಕೂಗಿಸಿದ್ರು ನೋಡಿ. ನನ್ನ ಮಗ ಗೆದ್ದಿದ್ದಕ್ಕೆ ಸೈರನ್ ಕೂಗಿಸಿದ್ರು. ಬಸ್ಸಿಗೆ ಹೊತ್ತಾಯ್ತದೆ ಹೊರಡಪ್ಪ ಅಂತ ಅವನೇ ಕಳಿಸ್ದ."

ಈ ಕಥೆ ನಡೆಯುವಾಗ ಸಣ್ಣೇಗೌಡ ಎದ್ದು ಕುದುರೆಗೆ ಹುಲ್ಲು ಹಾಕಲು ಹೋಗುತ್ತಿದ್ದ. ನಾಚಿಕೆ ಎಂದುಕೊಂಡಿದ್ದೆ.

ಒಂದು ವರ್ಷ ಬಾಳ್ಳುಪೇಟೆಯ ಯುವಕರು ರಾಜ್ಯೋತ್ಸವದ ದಿನ ಸಣ್ಣೇಗೌಡನಿಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ಅಭಿನಂದನಾ ಪತ್ರ ಬರೆದು ಓದುವ ಕೆಲಸ ನನಗೆ ಬಂತು. ಬರೆದದ್ದೆಲ್ಲಕ್ಕೂ ಆಧಾರ ಇರಬೇಕೆಂಬುದು ನನ್ನ ಅಭ್ಯಾಸ. ಯಾರನ್ನೂ ಕೇಳದೆ, ಹೂಮಳೆಯ ಆ ಗೆಲುವಿನ ವಿವರ ಕಳಿಸಿರೆಂದು ಮೈಸೂರಿನ ರೇಸಿನ ಕಚೇರಿಗೆ ಒಂದು ಕಾಗದ ಹಾಕಿದೆ. ಸಮಾರಂಭಕ್ಕೆ ಎರಡು ದಿನ ಇರುವಾಗ ಉತ್ತರ ಬಂತು. ಆ ರೇಸಿನಲ್ಲಿ ಗೆದ್ದದ್ದು ಬೇರೆ ಕುದುರೆ. ಬ್ಲಾಸಮ್ ಶವರ್ ಮೊದಲು ಬಂದರೂ ಅನರ್ಹ. ಕಾರಣ, ತೂಕಕ್ಕೆ ಮೊದಲೇ ಸವಾರ ಕುದುರೆ ಇಳಿದು ಹೊರಗಿನ ವ್ಯಕ್ತಿಯನ್ನು ಮುಟ್ಟಿದ್ದು. ಸವಾರನಿಗೆ ಆರು ವಾರ ನಿಷೇಧ.

ಆ ನಿಯಮ ನನಗೆ ಗೊತ್ತಿರಲಿಲ್ಲ. ಸಣ್ಣೇಗೌಡನನ್ನು ಸ್ಟೋರಿಗೆ ಕರೆಸಿ ಕಾಗದ ಕೊಟ್ಟೆ. ನಿಂತೇ ಓದಿ, ನಾಲ್ಕು ಮಡಿಕೆ ಮಾಡಿದ.

"ಓಟ ಮುಗಿದ ಮೇಲೆ ತೂಗೋ ಜಾಗಕ್ಕೆ ಹೋಗೋ ತಂಕ ಇಳಿಯಂಗಿಲ್ಲ ರೈಟ್ರೇ. ಯಾರನ್ನೂ ಮುಟ್ಟಂಗಿಲ್ಲ. ಓಡೋಕೆ ಮುಂಚೆ ಎಷ್ಟು ತೂಗಿದ್ವೋ ಆಮೇಲೂ ಅಷ್ಟೇ ತೂಗ್ಬೇಕು. ಕಮ್ಮಿ ಇರೋ ತೂಕನ ಯಾರಾದ್ರೂ ಕೈಗೆ ಕೊಟ್ಬುಟ್ರೆ? ಅದಕ್ಕೆ ಆ ರೂಲು. ನ್ಯಾಯವಾದ ರೂಲೇ."

"ಹಾಗಾದರೆ ಆ ಸೈರನ್ನು?"

"ತಕರಾರು ಬಂದೈತೆ ಅಂತ ಕೂಗಿಸೋದು."

ತಿಮ್ಮೇಗೌಡರು ಇಷ್ಟು ವರ್ಷ ಊರೂರಿಗೆ ಹೇಳಿಕೊಂಡು ಬಂದ ಆ ಗಳಿಗೆಯೇ ಮಗನ ಗೆಲುವನ್ನು ಕಿತ್ತುಕೊಂಡಿತ್ತು. ಅವರಿಗೆ ಮಾತ್ರ ಅದು ತಿಳಿದಿರಲಿಲ್ಲ.

"ಧಣಿಗಳಿಗೆ ಗೊತ್ತೇನೋ?"

"ಗೊತ್ತು. ಕಪ್ ಹೋಯ್ತಲ್ಲೋ ಅಂದ್ರು. ಆಮೇಲೆ, ನಿಮ್ಮಪ್ಪನಿಗೆ ಹೇಳ್ಬೇಡ ಅಂತ ಅವರೇ ಅಂದ್ರು." ಮಡಿಸಿದ ಕಾಗದವನ್ನು ನನ್ನ ಮೇಜಿನ ಮೇಲಿಟ್ಟ. "ಅಪ್ಪ ಮುಂದಿನ ಸಾಲಲ್ಲಿ ಕೂತಿರ್ತಾರೆ. ನನ್ನಿಂದ ಮಗನ ಗೆಲುವು ಹೋಯ್ತು ಅಂತ ಗೊತ್ತಾದ್ರೆ ಆ ಮುದುಕ ಬದುಕಲ್ಲ ಕಣ್ರೀ."

"ಗೆದ್ದ ಅಂತ ನಾನು ಬರೆಯಲಾರೆ."

"ಬರೀಬೇಡಿ. ಸೋತ ಅಂತನೂ ಬರೀಬೇಡಿ."

ಎರಡು ದಿನ ಕೂತು ಬರೆದೆ. "ಹನ್ನೊಂದು ಕುದುರೆಗಳಲ್ಲಿ ಮೊದಲು ಗೆರೆ ದಾಟಿದ್ದು ಹೂಮಳೆ" ಎಂಬ ಸಾಲಿಗೆ ತಲುಪಲು ನನಗೆ ನಾಲ್ಕು ಹಾಳೆ ಬೇಕಾದವು. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ.

ಸಮಾರಂಭದಲ್ಲಿ ಆ ಸಾಲು ಓದಿದಾಗ ಜನ ಚಪ್ಪಾಳೆ ತಟ್ಟಿದರು. ತಿಮ್ಮೇಗೌಡರು ಹೊಸ ಪೇಟ ಸುತ್ತಿಕೊಂಡು ಮುಂದೆ ಕೂತಿದ್ದರು. ಅಷ್ಟರಲ್ಲಿ ಸೈಕಲ್ ಷಾಪಿನ ನಂಜಪ್ಪ ಹಿಂದಿನಿಂದ ಎದ್ದ. ರೇಸಿನ ಹುಚ್ಚಿನವನು, ಹಳೆಯ ರೇಸು ಪುಸ್ತಕಗಳನ್ನೆಲ್ಲ ಜೋಡಿಸಿಟ್ಟವನು.

"ಗೆರೆ ದಾಟಿದ್ದು ಸರಿ ರೈಟ್ರೇ, ಗೆದ್ದಿದ್ದು ಯಾವುದು ಹೇಳಿ. ಪುಸ್ತಕದಾಗೆ ಬೇರೆ ಕುದುರೆ ಹೆಸರೈತೆ. ಎದುರಿಗೇ ಅವ್ನಲ್ಲ, ಅವನನ್ನೇ ಕೇಳಿ."

ಸಣ್ಣೇಗೌಡ ಶಾಲು ಹೊದ್ದುಕೊಂಡೇ ಎದ್ದು ನಿಂತ.

"ನಂಜಪ್ಪಣ್ಣ ಹೇಳಿದ್ದು ನಿಜ. ಪುಸ್ತಕದಾಗೆ ನಮ್ಮ ಹೆಸರಿಲ್ಲ. ತೂಕಕ್ಕೆ ನಿಂತಾಗ ನಂದು ಕಮ್ಮಿ ಬಂತು. ತಪ್ಪು ನಂದು, ಕುದುರೇದಲ್ಲ."

ತೂಕ ಕಡಿಮೆ ಬಂತೆಂದರೆ ಒಬ್ಬ ಜಾಕಿಗೆ ಎಂಥ ಅವಮಾನವೆಂದು ಆ ಸಭೆಯಲ್ಲಿ ತಿಳಿದಿದ್ದವರು ಮೂವರು: ಅವನು, ನಂಜಪ್ಪ, ನಾನು. ದಿನವೂ ಅವನ ತೂಕ ಕಂಡವನು ನಾನು. ಅವನ ಹದಿನಾಲ್ಕು ವರ್ಷಗಳಲ್ಲಿ ಅಂಥದ್ದು ಒಮ್ಮೆಯೂ ಆಗಿರಲಿಲ್ಲ. ತನ್ನ ಕಸುಬಿನ ಮರ್ಯಾದೆಯನ್ನು ಊರಿನ ಮುಂದೆ ತಾನೇ ಬಿಚ್ಚಿಟ್ಟು ಅಪ್ಪನ ಮುಖ ನೋಡಿದ. ನಂಜಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಅವನನ್ನೇ ದಿಟ್ಟಿಸಿದೆ. ಅವನಿಗೆ ಏನು ಹೊಳೆಯಿತೋ ತಿಳಿಯದು, ತಿಮ್ಮೇಗೌಡರ ಕಡೆಗೊಮ್ಮೆ ನೋಡಿ ಕೂತುಬಿಟ್ಟ.

ಎದ್ದವರು ತಿಮ್ಮೇಗೌಡರು.

"ಕಮ್ಮಿ ಬರ್ದೆ ಏನಾಯ್ತದೆ? ಮೂರು ದಿವಸದಿಂದ ಮುದ್ದೆ ಮುಟ್ಟಿರ್ಲಿಲ್ಲ ನನ್ನ ಮಗ. ಹೊಟ್ಟೆ ಕಟ್ಟಿ ಓಡಿಸೋನು ಅವನು. ಪುಸ್ತಕದಾಗೆ ಯಾರ ಹೆಸರಾನ ಬರ್ಕಳ್ಳಿ. ಮುಂದೆ ಬಂದಿದ್ದು ಸುಳ್ಳಾ? ಅಷ್ಟು ಹಸಿವಲ್ಲೂ ಇಳಿದು ಬಂದು ಕಾಲು ಮುಟ್ಟಿದ್ನಲ್ಲ, ಅದು ಸುಳ್ಳಾ?"

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಮೊದಲು ತಟ್ಟಿದವನು ನಂಜಪ್ಪ. ತಿಮ್ಮೇಗೌಡರು ಆಮೇಲೆ ಮೂರು ವರ್ಷ ಬದುಕಿದ್ದರು. ಕಥೆಗೆ ಮುದ್ದೆ ಮುಟ್ಟದ ಮೂರು ದಿವಸಗಳೂ ಸೇರಿಕೊಂಡವು. ಅವರು ಹೋದ ಮೇಲೂ ಸಣ್ಣೇಗೌಡ ನಿಜವನ್ನು ಯಾರಿಗೂ ಹೇಳಲಿಲ್ಲ. ಅವನು ತೂಕ ತಪ್ಪಿದ ಜಾಕಿ ಎಂದೇ ಊರು ನಂಬಿತು. "ಈಗಲಾದರೂ ಹೇಳೋ" ಎಂದರೆ, "ಅಪ್ಪ ಎದ್ದು ಹೇಳಿದ ಮೇಲೆ ಇನ್ನೇನೈತೆ ರೈಟ್ರೇ" ಎನ್ನುತ್ತಿದ್ದ.

ನಾನು ನಿವೃತ್ತನಾಗಿ ಆಲೂರಿಗೆ ಬಂದೆ. ಹೂಮಳೆ ಸತ್ತ ಮೇಲೆ ಅವನೂ ಅಪ್ಪನ ಮನೆಗೆ ಹೋದ. ಕೊನೆಯ ಬಾರಿ ನೋಡಿದ್ದು ಹೋದ ವರ್ಷ. ಶ್ವಾಸಕೋಶ ಕೆಟ್ಟಿತ್ತು. ಅದಾಗಿ ಒಂಬತ್ತನೆಯ ದಿನ ತೀರಿಕೊಂಡ ಸುದ್ದಿ ಬಂತು. ಎಪ್ಪತ್ತನಾಲ್ಕು ವಯಸ್ಸಾಗಿತ್ತು. ಎಲ್ಲಿಯೂ ಅಚ್ಚಾಗದ ಅವನ ಗೆಲುವನ್ನು ನಾನೀಗ ಬರೆಯುತ್ತಿರುವುದು ಇನ್ನು ನೋಯುವವರು ಯಾರೂ ಉಳಿದಿಲ್ಲವೆಂದು.

ಆ ಕೊನೆಯ ಭೇಟಿಯ ಸಂಜೆ ಜಗುಲಿಯಲ್ಲಿ ಅವನ ಮಂಚದ ಪಕ್ಕ ಕೂತು, ಬಹಳ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ನಿಯಮ ಮರೆತು ಇಳಿದೆಯೋ, ಗೊತ್ತಿದ್ದೂ ಇಳಿದೆಯೋ?"

ಅವನು ಉಸಿರು ಹದಕ್ಕೆ ಬರಲು ಕಾದ.

"ಗೊತ್ತಿತ್ತು. ಅಪ್ಪ ಬೇಲಿ ಹಿಂದೆ ನಿಂತಿದ್ರು. ಟವೆಲ್ ತೆಗೆದು ಕಂಕುಳಲ್ಲಿ ಇಟ್ಕೊಂಡು, ಕತ್ತೆತ್ತಿ ನನ್ನ ನೋಡ್ತಿದ್ರು. ಅವರು ಎಸ್ಟೇಟಿನಾಗೆ ಕೆಲಸಕ್ಕೋಗ್ತಿದ್ದಾಗ ದೊರೆ ಕುದುರೆ ಮೇಲೆ ಬಂದ್ರೆ ಹಂಗೇ ನಿಂತ್ಕೊತಿದ್ರು. ನಾನು ನೋಡಿದ್ದೆ, ಚಿಕ್ಕೋನಿದ್ದಾಗ. ನನ್ನ ಹಂಗೆ ನೋಡ್ಬಾರ್ದು ಅನ್ನಿಸ್ತು. ತೂಗೋ ಜಾಗ ಇನ್ನೂ ನೂರು ಗಜ ಇತ್ತು. ನೂರು ಗಜ ಅವರು ಹಂಗೇ ನಿಂತಿರ್ಬೇಕಲ್ಲ ರೈಟ್ರೇ. ಇಳಿದ್ಬುಟ್ಟೆ."

ಅಷ್ಟು ಹೇಳಿ ಅಂಗಳದಾಚೆಗೆ ರಸ್ತೆಯ ಕಡೆ ಕೈ ತೋರಿಸಿದ. "ಐದೂಕಾಲರ ಬಸ್ಸು ಬರೋ ಹೊತ್ತಾಯ್ತು. ಹೊರಡಿ. ನೀವು ಟೈಮಿನ ಮನುಷ್ಯ."

ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು, ರಸ್ತೆ ಬದಿಯ ಮರದ ಬಳಿ ನಿಂತಿತು, ಹೊರಟುಹೋಯಿತು. ನಾನು ಕೂತಲ್ಲಿಂದ ಏಳಲಿಲ್ಲ.