ಧೂಳು ಕುಡಿದವರಿಗೆ ಬೆಲ್ಲ

ಪುರವರದ ದಾರಿಯಲ್ಲಿ ಇನ್ನೂ ಮಬ್ಬುಗತ್ತಲೆ. ಕಡ್ಲೆಕಾಯಿ ಮಿಲ್ಲಿನ ಎದುರು, ರಸ್ತೆಯಾಚೆಯ ಹುಣಸೆಮರದ ಕೆಳಗೆ ಹನುಮಕ್ಕ ಸ್ಟವ್ ಹಚ್ಚುತ್ತಾರೆ. ಟೀ ಕುದಿಯುವಷ್ಟರಲ್ಲಿ ಬೆಲ್ಲದ ಅಚ್ಚು ಕುಟ್ಟಿ, ಚೂರುಗಳನ್ನು ಮುತ್ತುಗದ ಎಲೆಯ ಮೇಲೆ ಹರಡುತ್ತಾರೆ.

ಮೊದಲು ಬರುವವರು ಭೀಮರಾಜು. ಬಲಗೈಯ ಬೆರಳುಗಳನ್ನು ಮಿಲ್ಲಿನ ಬೆಲ್ಟ್ ತಿಂದಿದೆ. ಎಡಗೈಯಲ್ಲಿ ಲೋಟ ತುಳುಕದಿರಲೆಂದು ಹನುಮಕ್ಕ ಅರ್ಧವಷ್ಟೇ ಸುರಿದು, ಮುಗಿದ ಮೇಲೆ ಮತ್ತರ್ಧ ಕೊಡುತ್ತಾರೆ.

"ಅಕ್ಕೋ, ಬೆಲ್ಲ ಬರ್ತಾ ಬರ್ತಾ ಚಿಕ್ದಾಗ್ತೈತಲ್ಲ!"

"ನಿನ್ ಬಾಯಿ ದೊಡ್ದಾಗೈತೆ. ಸುಮ್ಕೆ ತಿನ್ಲಾ."

ಈ ಬೆಲ್ಲ ಹಿಂದಿನ ಯಜಮಾನ ಶಂಕರಲಿಂಗಪ್ಪನವರ ಕಾಲದ್ದು. ಸಿಪ್ಪೆಯ ಧೂಳಿಗೆ ಗಂಟಲು ಕಟ್ಟಿದವರಿಗೆ ಅವರೇ ನಿಂತು ಹಂಚುತ್ತಿದ್ದರು. ಆಗ ಹನುಮಕ್ಕ ಒಳಗೆ ಬೀಜ ಆರಿಸುತ್ತಿದ್ದರು. "ಒಬ್ಬೊಬ್ರನ್ನೂ ಹೆಸರಿಡ್ದು ಕರ್ದು ಕೊಡೋರು" ಎನ್ನುವಾಗ ಅವರ ಕಣ್ಣು ಗೇಟಿನತ್ತ ಹೋಗುತ್ತದೆ. ಯಜಮಾನರು ತೀರಿಹೋದ ಮೇಲೆ ಮಗ ಆ ಪದ್ಧತಿ ನಿಲ್ಲಿಸಿದರು. ಅಷ್ಟರಲ್ಲಿ ಮಿಲ್ಲಿನ ಗೋಡೆಗೆ ಒತ್ತಿ ಟೀ ಅಂಗಡಿ ಇಟ್ಟಿದ್ದ ಹನುಮಕ್ಕ ಅದನ್ನು ತಾವೇ ಮುಂದುವರಿಸಿದರು.

ಬೆರಳು ಹೋದದ್ದಕ್ಕೆ ಭೀಮರಾಜು ಪರಿಹಾರ ಕೇಳಿದಾಗ ಚಿಕ್ಕ ಯಜಮಾನರು, "ಇವನು ನಮ್ಮ ಕೆಲಸದವನೇ ಅಲ್ಲ" ಅಂದುಬಿಟ್ಟರು. ಹಾಜರಿ ಬರೆದಿಡುವ ರೂಢಿ ಮಿಲ್ಲಿನಲ್ಲಿ ಇರಲಿಲ್ಲ. ಸಾಕ್ಷಿ ಹೇಳಲು ಜೊತೆಗಾರರಿಗೆ ಭಯ. ಹನುಮಕ್ಕನ ಅಂಗಡಿಯೂ ಅದೇ ಗೋಡೆಯ ಆಸರೆಯಲ್ಲಿತ್ತು. ಆದರೂ ಅವರು ಮಧುಗಿರಿಯ ಬಸ್ಸು ಹತ್ತಿದರು.

ಕೋರ್ಟಿನಲ್ಲಿ ಮಿಲ್ಲಿನ ಪರ ವಕೀಲರು ಕೇಳಿದರು: "ದಾರೀಲಿ ಹೋಗೋರೆಲ್ಲ ನಿನ್ನತ್ರ ಟೀ ಕುಡೀತಾರೆ. ಇವನು ಮಿಲ್ಲಿನವನು ಅಂತ ಹೆಂಗೆ ಹೇಳ್ತೀಯಮ್ಮ?"

"ದಾರೀಲಿ ಹೋಗೋರಿಗೆ ಬರೀ ಟೀ ಸ್ವಾಮಿ. ಧೂಳು ಕುಡ್ದು ಬಂದೋರಿಗೆ ಮಾತ್ರ ಬೆಲ್ಲ. ಇವ್ನಿಗೆ ದಿನಾ ಬೆಲ್ಲ ಕೊಟ್ಟಿದ್ದೀನಿ."

"ಹಂಗೆ ಕೊಡು ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಚಿಕ್ಕ್ ಯಜಮಾನ್ರ ಅಪ್ಪಾರು ಕೊಡೋದ ನೋಡಿ ಕಲ್ತೆ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಚಿಕ್ಕ ಯಜಮಾನರು ತಲೆ ತಗ್ಗಿಸಿದರು. ಮುಂದಿನ ವಿಚಾರಣೆಗೆ ಮಿಲ್ಲಿನ ಇನ್ನಿಬ್ಬರು ತಾವಾಗಿಯೇ ಬಂದು, ಇವನ ಜೊತೆ ದುಡಿದು ಅದೇ ಬೆಲ್ಲ ತಿಂದವರು ನಾವೂ ಎಂದರು. ಪರಿಹಾರ ಕೊಡಬೇಕೆಂದು ತೀರ್ಪಾಯಿತು.

ಗೋಡೆ ಪಕ್ಕದ ಅಂಗಡಿ ಎತ್ತಬೇಕೆಂಬ ಮಾತೂ ಮಿಲ್ಲಿನಿಂದ ಬಂತು. ಹಳೆಯ ಜೊತೆಗಾರರು ಬೆಂಚನ್ನು ಹೊತ್ತು ರಸ್ತೆ ದಾಟಿಸಿದರು.

ಬೇಜಾರಿಲ್ಲವೇ ಎಂದರೆ ಹನುಮಕ್ಕ ಲೋಟ ತೊಳೆಯುತ್ತಲೇ ಹೇಳುತ್ತಾರೆ: "ಆ ಮನೆ ಅನ್ನ ತಿಂದೋಳು ನಾನು. ಮಗನ ಎದ್ರೇ ನಿಲ್ಬೇಕಾಯ್ತು. ದೊಡ್ಡ್ ಯಜಮಾನ್ರು ಇದ್ದಿದ್ರೆ ನಾನ್ಯಾಕೆ ಹೋಗ್ಬೇಕಿತ್ತು? ಅವ್ರೇ ಕೊಟ್ಬುಡೋರು."

ಪಾಳಿ ಬಿಟ್ಟವರು ರಸ್ತೆ ದಾಟಿ ಬರುತ್ತಾರೆ. ಎಲೆ ಬರಿದಾಗುವ ಮುನ್ನ ಹನುಮಕ್ಕ ಒಂದು ಚೂರು ಎತ್ತಿಡುತ್ತಾರೆ.

"ಚಿಕ್ಕ್ ಯಜಮಾನ್ರೂ ಒಂದಿನ ಈ ಕಡೆ ಬರ್ಲಿ. ಅವ್ರೂ ಅದೇ ಧೂಳಲ್ಲೇ ಕೂತವ್ರೆ, ಪಾಪ."