ಕುದುರಿ ಅಕ್ಕೋರು

ಹೋದ ವಾರ ಮಗ್ಗುಲ ಮನೆಯಲ್ಲಿ ಹುರುಳಿ ಬೇಯಲಿಟ್ಟಿದ್ದರು. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದವಳು ಆ ವಾಸನೆಗೆ ಎದ್ದು ಕೂತೆ. ಅವರು ಸಾರಿಗೆಂದು ಇಟ್ಟಿದ್ದು. ನನಗೆ ಮಾತ್ರ, ಅದನ್ನು ಬಕೆಟ್ಟಿಗೆ ಸುರಿದು, ಆರಿಸಿ, ಒಂದು ಹಿಡಿ ಉಪ್ಪು ಬೆರೆಸಿ ಅಂಗಳಕ್ಕೆ ಒಯ್ಯಬೇಕು, ತಡವಾಯಿತು ಎಂದು ಗಾಬರಿಯಾಯಿತು. ಅಂಗಳದಲ್ಲಿ ಯಾರೂ ಕಾಯುತ್ತಿಲ್ಲ ಎಂಬುದು ನೆನಪಾಗಲು ಒಂದು ಗಳಿಗೆ ಬೇಕಾಯಿತು...

ಆ ವಾಸನೆ ಅಕ್ಕೋರ ಮನೆಯದು. ಚಿಂಚೋಳಿಗೆ ಅಂಟಿಕೊಂಡ ಚಂದಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದಾಗ ನಾನು ಅವರ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮನೆ ನೋಡಲು ಹೋದ ದಿನ ಮೊದಲು ಕಂಡದ್ದು ಹುಣಸೆ ಮರದ ಕೆಳಗೆ ನಿಂತಿದ್ದ ಕಂದು ಬಣ್ಣದ ಹೆಣ್ಣು ಕುದುರೆ. ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರ ಮನೆಯಿರಬೇಕು ಅಂದುಕೊಂಡೆ. ಒಳಗಿಂದ ಬಂದವರು ಎತ್ತರದ, ನರೆಗೂದಲಿನ ಹೆಂಗಸು. ಎತ್ತಿ ಕಟ್ಟಿದ ಸೀರೆಯ ಕೆಳಗೆ ಗಂಡಸರ ಪೈಜಾಮ ಕಾಣುತ್ತಿತ್ತು.

"ಕುದುರಿ ವಾಸನಿ ಬರ್ತದ. ನಡೀತದೇನು?" ಎಂದು ಕೇಳಿದರು.

"ನಡೀತದ್ರಿ."

"ಮುಂಜಾನಿ ಎದ್ದಕೂಡ್ಲೆ ಒದರ್ತಾಳ."

"ಒದರ್ಲಿ ಬಿಡ್ರಿ."

"ಹಂಗಾರ ಬಾ, ಖೋಲಿ ನೋಡು."

ಅವರು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಮದುವೆಯಾಗಿರಲಿಲ್ಲ. ಚಂದಾಪುರ, ಚಿಂಚೋಳಿ ಎರಡೂ ಕಡೆ ಜನ ಅವರನ್ನು ಕರೆಯುತ್ತಿದ್ದುದು 'ಕುದುರಿ ಅಕ್ಕೋರು' ಎಂದೇ. ಕುದುರೆಯ ಹೆಸರು ಚಂದ್ರಿ. ಅದನ್ನು ಅವರು 'ಅದು' ಎಂದದ್ದನ್ನು ನಾನು ಕೇಳಿಲ್ಲ. ಯಾವಾಗಲೂ 'ಆಕಿ'.

ನಾನಾಗ ಮದುವೆಯಾಗಿ ಒಂದೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು. ಅವನು ಕೈ ಮಾಡುತ್ತಿದ್ದ. ಕಚೇರಿ ಬಿಟ್ಟರೆ ಕೋಣೆ, ಕೋಣೆ ಬಿಟ್ಟರೆ ಕಚೇರಿ. ಬಾಜಾರಕ್ಕೆ ಹೋದರೂ ಗೋಡೆಯ ಬದಿ ಹಿಡಿದು ಹೋಗಿ ಹಾಗೇ ಬರುತ್ತಿದ್ದೆ. ಅಕ್ಕೋರು ಕೆಲವು ದಿನ ಸುಮ್ಮನೆ ನೋಡಿದರು. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದು, "ಎಷ್ಟಂತ ಗೋಡಿ ನೋಡ್ಕೊಂತ ಕುಂದ್ರತಿ ತಂಗಿ? ಬಾ, ಹೊರಗ ಹೋಗಿ ಬರೋಣು" ಎಂದರು.

ಇದ್ದದ್ದು ಒಂದೇ ಕುದುರೆ. ಹೋಗುವಾಗ ಅವರು ಹತ್ತಿದರು, ನಾನು ಪಕ್ಕದಲ್ಲಿ ನಡೆದೆ. ಊರು ದಾಟಿ, ಮುಲ್ಲಾಮಾರಿ ಹೊಳೆಯ ದಿಕ್ಕಿನ ಹೊಲದ ದಾರಿಗೆ ಬಂದಾಗ ಅವರು ಇಳಿದು ಲಗಾಮು ನನ್ನ ಕೈಗೆ ಕೊಟ್ಟರು. ನಾನು ಆಗುವುದಿಲ್ಲ ಎಂದೆ. ಅವರು ಕೇಳಿಸಿಕೊಳ್ಳದವರಂತೆ ಚಂದ್ರಿಯನ್ನು ಒಂದು ಬಾವಿಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿ, "ಕಟ್ಟಿ ಮ್ಯಾಲ ನಿಂದ್ರು. ಕಾಲು ಆ ಕಡೆ ಹಾಕು. ಆಕಿ ಏನೂ ಮಾಡಂಗಿಲ್ಲ" ಎಂದರು. ಹೇಗೋ ಹತ್ತಿದೆ. ಕೆಳಗೆ ಒಂದು ದೊಡ್ಡ ಬೆಚ್ಚಗಿನ ಜೀವ ಉಸಿರಾಡುತ್ತಿತ್ತು. ಹೂಬಿಟ್ಟ ತೊಗರಿಯ ಮೇಲಿಂದ ಹೊಳೆಯ ನೀರು, ಆಚೆಯ ಕೆಂಪು ದಿಬ್ಬ, ಅದರಾಚೆ ಕಾಡಿನ ಗೆರೆ ಎಲ್ಲ ಒಮ್ಮೆಗೇ ಕಂಡವು. ಅಷ್ಟು ದಿನ ಅದೇ ಊರಿನಲ್ಲಿದ್ದರೂ ಅಲ್ಲಿಂದ ಹೊಳೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಬೆಳಕು ಹರಿಯುತ್ತಿದ್ದಂತೆ ಹೊರಡುವುದು, ಕಚೇರಿಯ ಹೊತ್ತಿಗೆ ಮರಳುವುದು. ಹೋಗುವಾಗ ಅವರು ಮೇಲೆ, ಬರುವಾಗ ನಾನು. ಚಳಿಗಾಲದಲ್ಲಿ ಕಡಲೆ ಹೊಲದ ಇಬ್ಬನಿಯಲ್ಲಿ ನಡೆದರೆ ಸೀರೆಯ ಅಂಚು ಒದ್ದೆಯಾಗಿ ಹುಳಿ ವಾಸನೆ ಹಿಡಿಯುತ್ತಿತ್ತು. ಜೋಳ ಹಾಲುಗಾಳಾದಾಗ ಯಾರಾದರೂ ಹೊಲದವರು ಕೂಗಿ ಕರೆದು ಎಳೆ ತೆನೆ ಸುಟ್ಟು ಸೀತನಿ ಕೊಡುತ್ತಿದ್ದರು. ನಮಗೆ ಬಿಸಿ ಬಿಸಿ ಕಾಳು, ಚಂದ್ರಿಗೆ ಹಸಿ ದಂಟು. ಮಳೆಗಾಲದಲ್ಲಿ ಎರೆ ಮಣ್ಣು ಗೊರಸಿಗೆ ಮುದ್ದೆಮುದ್ದೆಯಾಗಿ ಅಂಟುತ್ತಿತ್ತು. ಆಗ ಉತ್ತರದ ಕೆಂಪು ನೆಲದ ಕಡೆ ಹೋಗುತ್ತಿದ್ದೆವು. ಅಲ್ಲಿ ದಾರಿ ಗಟ್ಟಿ. ಒಂದು ಲಂಬಾಣಿ ತಾಂಡಾ ದಾಟಿದ ಮೇಲೆ ಸಮತಟ್ಟಾದ ಬಯಲು ಸಿಗುತ್ತಿತ್ತು. ಅಲ್ಲಿಗೆ ಬಂದರೆ ಚಂದ್ರಿ ಕಿವಿ ನಿಮಿರಿಸಿ ತಾನೇ ಓಡಲು ಶುರುಮಾಡುತ್ತಿತ್ತು. ನಾನು ಮೊದಲ ಸಲ ಆ ಓಟಕ್ಕೆ ಸಿಕ್ಕಾಗ ಹೆದರಿ ಚೀರಿದೆ. ನಿಂತ ಮೇಲೆ ನೋಡಿದರೆ ನಗುತ್ತಿದ್ದೆ. ಎಷ್ಟು ತಿಂಗಳಾದ ಮೇಲೆ ನಕ್ಕಿದ್ದೆನೋ... ಹಿಂದಿನಿಂದ ಏದುಸಿರು ಬಿಡುತ್ತ ಬಂದ ಅಕ್ಕೋರು, "ನಗು, ನಗು. ಇಲ್ಲಿ ಯಾರಿಲ್ಲ" ಎಂದರು.

ಚಂದ್ರಿಯಿಂದ ಏನು ಉಪಯೋಗ ಎಂದು ಎಲ್ಲರೂ ಕೇಳುತ್ತಿದ್ದರು. ಚಹಾದಂಗಡಿಯವನಂತೂ ದಿನಾ ಕೇಳುತ್ತಿದ್ದ. "ಟಾಂಗಾಕ್ಕ ಹೂಡಂಗಿಲ್ಲ, ಮದುವಿಗಿ ಕೊಡಂಗಿಲ್ಲ. ಮತ್ತ ಯಾಕ ಸಾಕೀರಿ ಅಕ್ಕೋರೆ?" ಅವನು ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. "ನೀ ಪೆಟಗಿ ಯಾಕ ಬಾರಸ್ತೀಪ್ಪ?" ಎಂದು ಇವರು ತಿರುಗಿ ಕೇಳುತ್ತಿದ್ದರು. ಅವನು ನಕ್ಕು ಚಹಾ ಕೊಡುತ್ತಿದ್ದ.

ಮೊದಮೊದಲು ಮಾತ್ರ ಕುದುರೆ ಅವರಿಗೆ ಬೇಕೇಬೇಕಾಗಿತ್ತಂತೆ. ಆ ಕತೆಯನ್ನು ಅವರು ಹೇಳಿದ್ದು ಒಂದೇ ಸಲ, ಹೊಳೆಯಲ್ಲಿ ಚಂದ್ರಿಗೆ ಮೈ ತೊಳೆಯುತ್ತ. ಹೊಸದಾಗಿ ನೌಕರಿಗೆ ಸೇರಿದಾಗ ಅವರ ಶಾಲೆ ಇದ್ದದ್ದು ಬಸ್ಸು ಕಾಣದ ಹಳ್ಳಿಯಲ್ಲಿ. ಹೋಗಿ ಬರಲು ತಾಂಡೂರ ಕಡೆಯವನೊಬ್ಬನಿಂದ ಒಂದು ತಟ್ಟು, ಅಂದರೆ ಗಿಡ್ಡ ಕುದುರೆ, ಕೊಂಡರು. ಆದರೆ ಅವರ ಜಾತಿಯವರು ಆ ಊರಿನ ಅಗಸಿ ಬಾಗಿಲೊಳಗೆ ಕುದುರೆ ಹತ್ತಿ ಹೋಗುವಂತಿರಲಿಲ್ಲ, ಅದರಲ್ಲೂ ಹೆಂಗಸು. ಯಾರೋ ಹಿರಿಯರು ಬಂದು ಮೆತ್ತಗೆ ಹೇಳಿದರು. ಅಂದಿನಿಂದ ಅಗಸಿಯ ಬಳಿ ಇಳಿದು, ತಟ್ಟು ಹಿಡಿದುಕೊಂಡು ಶಾಲೆಯವರೆಗೆ ನಡೆದುಹೋಗುತ್ತಿದ್ದರು.

"ಭಾಳ ದಿನ ಹಂಗಾ ಮಾಡಿದ್ನಿ" ಎಂದರು ಅಕ್ಕೋರು, ಕುದುರೆಯ ಬೆನ್ನಿಗೆ ನೀರು ಸುರಿಯುತ್ತ. "ಒಂದಿನ ಸಾಲಿ ಹುಡುಗ್ಯಾರು ಅಗಸಿ ಕಟ್ಟಿ ಮ್ಯಾಲ ಕುಂತು ನೋಡ್ಲಿಕತ್ತಿದ್ವು. ಅಕ್ಕೋರು ಇಲ್ಲೇ ಇಳೀತಾರ ನೋಡ್ರಿ ಅಂತ ಒಬ್ಬಾಕಿ ಅಂದ್ಳು. ಆವತ್ತು ಇಳೀಲಿಲ್ಲ."

"ಮತ್ತ? ಏನಾತ್ರಿ?"

"ಕಲ್ಲು ಬಿತ್ತು. ತಟ್ಟಿಗಿ ಬಿತ್ತು, ನನಗ ಬೀಳಲಿಲ್ಲ. ಮರದಿನಾನೂ ಇಳೀಲಿಲ್ಲ. ಆಮ್ಯಾಲ ಮಂದೀಗೂ ಬ್ಯಾಸರ ಬಂತು."

ಅವರು ಚಂದ್ರಿಯ ಮುಂಗಾಲು ಎತ್ತಿ ಗೊರಸಿನೊಳಗೆ ಕಲ್ಲು ಸಿಕ್ಕಿದೆಯೇ ಎಂದು ನೋಡತೊಡಗಿದರು.

ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಜ್ವರ ಬಂದು ಮಲಗಿದರು. ನಾನು ಒಬ್ಬಳೇ ಚಂದ್ರಿಯನ್ನು ಹೊರಗೆ ಕರೆದೊಯ್ದಿದ್ದೆ. ಮರಳಿ ಬಂದಾಗ ಅಂಗಳದಲ್ಲಿ ನನ್ನ ಅಣ್ಣ, ಜೊತೆಗೆ ನನ್ನ ಗಂಡನ ಕಾಕಾ ಕುಳಿತಿದ್ದರು. ಅಣ್ಣ ಸೇಡಂನಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಪ್ಪನಿಲ್ಲದ ಮನೆಯಲ್ಲಿ ಅವನೇ ಹಿರಿಯ. ನನ್ನನ್ನು ಗಂಡನ ಮನೆಗೆ ಬಿಟ್ಟು ಬರಲು ಬಂದಿದ್ದರು. ಎಲ್ಲವನ್ನೂ ತಾವೇ ಮಾತಾಡಿ ಮುಗಿಸಿಯೂ ಇದ್ದರು.

ನನ್ನನ್ನು ಕುದುರೆಯ ಮೇಲೆ ನೋಡಿ ಅಣ್ಣನ ಮುಖ ಕಪ್ಪಿಟ್ಟಿತು. "ಏನಿದು ಅವತಾರ? ಮೊದಲ ಕೆಳಗ ಇಳಿ!" ಎಂದು ಎದ್ದು ನಿಂತ.

ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದ ಅಕ್ಕೋರು ತಲೆ ಎತ್ತಿದರು. "ಅವಸರ ಮಾಡಬ್ಯಾಡಪ್ಪ" ಎಂದರು ಕ್ಷೀಣ ದನಿಯಲ್ಲಿ. "ಆಕಿ ತಾನಾ ಇಳೀತಾಳ."

ಕಾಕಾ ನನ್ನ ಮುಖ ನೋಡದೆ ಹೇಳಿದರು: "ಗಂಡನ್ನ ಬಿಟ್ಟಾಕಿ ಕುದುರಿ ಹತ್ತಿ ಊರು ತಿರಗ್ಲಿಕತ್ತಾಳ ಅಂತಾರ ಮಂದಿ."

"ಈಗಾಗಲೇ ಅನ್ಲಿಕತ್ತಾರ್ರಿ ಕಾಕಾ" ಎಂದೆ. ಅದು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯ.

ಇಳಿದೆ. ಜೀನು ಬಿಚ್ಚಿದೆ. ಗೋಣಿತಟ್ಟಿನಿಂದ ಚಂದ್ರಿಯ ಬೆವರು ಒರೆಸಿದೆ. ಅವರಿಬ್ಬರೂ ಕಾದರು. ಒರೆಸುವುದು ಮುಗಿದ ಮೇಲೆ ತಿರುಗಿ ನಿಂತು ಅಂದೆ: "ಅಣ್ಣಾ, ಹೊಡಸ್ಕೊಳ್ಳಾಕ ನಾ ಬರಂಗಿಲ್ಲ. ನನ್ನ ಪಾಡಿಗಿ ನಾ ಇಲ್ಲಿ ಇರ್ತೀನಿ."

ಅಣ್ಣ ಏನೇನೋ ಅಂದ. ಕೊನೆಗೆ, ಇನ್ನು ನೀನು ನನ್ನ ಪಾಲಿಗೆ ಇಲ್ಲ ಎಂದು ಹೇಳಿ, ಇಟ್ಟ ಚಹಾ ಮುಟ್ಟದೆ ಕಾಕಾನ ಜೊತೆ ಹೊರಟುಹೋದ. ನಾನು ಮೆಟ್ಟಿಲ ಮೇಲೆ ಕುಸಿದು ಅತ್ತೆ. ಅಕ್ಕೋರು ನಾನು ಅತ್ತು ಮುಗಿಸುವವರೆಗೂ ಇದ್ದು, "ಆಕಿಗಿ ನೀರು ಕುಡಿಸಿದ್ಯಾ?" ಎಂದು ಕೇಳಿದರು. ಕುಡಿಸಿರಲಿಲ್ಲ. ಎದ್ದು ಹೋದೆ.

ನಾಲ್ಕೈದು ವರ್ಷ ಹಾಗೇ ಕಳೆಯಿತು. ನನ್ನ ಬದುಕಿನ ಒಳ್ಳೆಯ ಬೆಳಗುಗಳೆಲ್ಲ ಆ ವರ್ಷಗಳಲ್ಲೇ ಇವೆ. ಆಮೇಲೆ ಅಕ್ಕೋರ ಸೊಂಟದ ನೋವು ಹೆಚ್ಚಾಯಿತು. ಇನ್ನು ಹತ್ತಬೇಡಿ ಎಂದು ಕಲಬುರಗಿಯ ಡಾಕ್ಟರು ಹೇಳಿ ಕಳಿಸಿದರು. ಅದೇ ವರ್ಷ ನನಗೆ ಶಹಾಬಾದಿಗೆ ವರ್ಗವಾಯಿತು.

ಆದೇಶ ಬಂದ ಸಂಜೆ ಅವರು ತೊಗರಿ ಹಸನು ಮಾಡುತ್ತ ಕುಳಿತಿದ್ದರು. ತಲೆ ಎತ್ತದೆ, "ಆಕಿನ್ನ ಕರ್ಕೊಂಡು ಹೋಗು" ಎಂದರು.

"ಮತ್ತ ನೀವು, ಅಕ್ಕೋರೆ?"

"ನಾ ಹತ್ತಂಗಿಲ್ಲ. ನೀ ಹೋದ್ರ ಆಕಿ ನಿಂತಲ್ಲೇ ನಿಂದ್ರತಾಳ. ಇಬ್ಬರೂ ಕೂಡೇ ಮುದುಕ್ಯಾರು ಆಗೋದು ಯಾಕ?"

ಲಾರಿಯಲ್ಲಿ ಹಾಕಿಸಿಕೊಂಡು ಹೋಗುತ್ತೇನೆ ಎಂದೆ. ಆಗ ತಲೆ ಎತ್ತಿದರು. "ಲಾರಿ ಯಾಕ? ಆಕಿಗಿ ಕಾಲಿಲ್ಲೇನು?"

ಹೀಗೆ, ಸಾಮಾನನ್ನು ಬಸ್ಸಿನ ಮೇಲೆ ಹಾಕಿ ಕಳಿಸಿ, ನಾನು ಚಿಂಚೋಳಿಯಿಂದ ಶಹಾಬಾದಿಗೆ ಕುದುರೆಯ ಮೇಲೆ ಹೊರಟೆ. ಹೊರಡುವಾಗ ಅಕ್ಕೋರು ಪೈಜಾಮ ತೊಟ್ಟು ಬಂದರು. ನಾನು ಬೇಡವೆಂದೆ. ಅವರು ಆಗಲೇ ಕಟ್ಟೆಯ ಮೇಲೆ ನಿಂತಿದ್ದರು. ಊರ ಹೊರಗಿನವರೆಗೂ ಅವರೇ ಸವಾರಿ ಮಾಡಿದರು. ನಾನು ಲಗಾಮು ಹಿಡಿದು ಮುಂದೆ ನಡೆದೆ. ಒಂದೊಂದು ಹೆಜ್ಜೆಗೂ ಅವರಿಗೆ ನೋಯುತ್ತಿದ್ದುದು ಉಸಿರಿನಲ್ಲಿ ಗೊತ್ತಾಗುತ್ತಿತ್ತು. ಸೇಡಂ ರಸ್ತೆಯಲ್ಲಿ ಒಂದು ಬಸ್ ನಿಲ್ದಾಣದ ಬಳಿ ನನ್ನ ಹೆಗಲು ಹಿಡಿದು ಇಳಿದರು. ಚಂದ್ರಿಯ ಕೊರಳಿಗೆ ಕೆನ್ನೆ ಒತ್ತಿ ನಿಂತರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗು. ಹಿಂದ ನೋಡಬ್ಯಾಡ. ನೀ ನೋಡಿದ್ರ ಆಕಿನೂ ನೋಡ್ತಾಳ" ಎಂದರು.

ನಾನು ನೋಡಲಿಲ್ಲ. ಚಂದ್ರಿಯ ಕಿವಿಗಳು ಮಾತ್ರ ಬಹಳ ದೂರದವರೆಗೆ ಹಿಂದಕ್ಕೇ ತಿರುಗಿದ್ದವು.

ರಾತ್ರಿ ತಂಗಲು ಸೇಡಂನಲ್ಲಿ ಅಣ್ಣನ ಮನೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಣ್ಣನ ಹೆಂಡತಿ ವೈನಿಗೆ ಫೋನ್ ಮಾಡಿ ಕೇಳಿದ್ದೆ. ಬಾ ಎಂದಿದ್ದಳು. ಅಣ್ಣ ಏನೆನ್ನುತ್ತಾನೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಹೊತ್ತು ಮುಳುಗುವಾಗ ಊರು ಹತ್ತಿರ ಬಂತು. ರಸ್ತೆಯ ಬದಿಗೆ ಒಬ್ಬ ಮನುಷ್ಯ ನಿಂತಿದ್ದ. ಅಣ್ಣ. ಕೂದಲು ಹಣ್ಣಾಗಿತ್ತು. ಹತ್ತಿರ ಬಂದು, ಚಂದ್ರಿಯ ಲಗಾಮಿಗೆ ಕೈ ಹಾಕಿದ. ನಾನು ಇಳಿಯಲು ಕಾಲು ತೆಗೆದೆ.

"ಕುಂದ್ರು" ಎಂದ. "ಮನಿ ಇನ್ನಾ ದೂರ ಅದ."

ಹಾಗೆಯೇ ಅವನು ಮುಂದೆ ನಡೆದ, ನಾನು ಮೇಲೆ ಕುಳಿತಿದ್ದೆ. ಬಾಜಾರದ ನಡುವೆಯೇ ಕರೆದುಕೊಂಡು ಹೋದ. ಅಂಗಡಿಯವರು ಎದ್ದು ನೋಡಿದರು. ಯಾರೋ ಕೇಳಿದ್ದಕ್ಕೆ, "ನಮ್ಮ ತಂಗಿ. ಚಿಂಚೋಳಿಂದ ಬರ್ಲಿಕತ್ತಾಳ" ಎಂದ. ಅಂಗಳದಲ್ಲಿ ಜೋಳದ ಕಣಕಿ ಮೇವು ತಂದು ಒಟ್ಟಿದ್ದ, ಎರಡು ಕುದುರೆಗೆ ಸಾಲುವಷ್ಟು. ಕುದುರೆಗೆ ಎಷ್ಟು ಬೇಕಾಗುತ್ತದೋ ಅವನಿಗೆ ಗೊತ್ತಿರಲಿಲ್ಲ.

ಮರುದಿನ ಚಿತ್ತಾಪುರ, ಅದರ ಮರುದಿನ ವಾಡಿ. ವಾಡಿಯಲ್ಲಿ ರೈಲಿನ ಕೂಗಿಗೆ ಚಂದ್ರಿ ಬೆದರಿ ಅಡ್ಡಡ್ಡ ಕುಣಿಯಿತು. ಇಳಿದು, ನನ್ನ ಸೆರಗನ್ನು ಅದರ ಕಣ್ಣಿಗೆ ಮುಚ್ಚಿ, ಗಾಡಿ ಹೋಗುವವರೆಗೂ ಕಿವಿಯ ಹತ್ತಿರ ಮಾತಾಡುತ್ತ ನಿಂತೆ. ಆಡಿದ್ದೆಲ್ಲ ಅಕ್ಕೋರ ಮಾತುಗಳೇ...

ಶಹಾಬಾದಿನಲ್ಲಿ ಹಾಸುಗಲ್ಲು ನೆಟ್ಟು ಬೇಲಿ ಮಾಡಿದ ಒಂದು ಅಂಗಳ ಸಿಕ್ಕಿತು. ಅಕ್ಕೋರು ಒಮ್ಮೆ ಬಸ್ಸಿನಲ್ಲಿ ಬಂದರು. ಗೇಟಿನ ಸದ್ದಿಗೇ ಚಂದ್ರಿ ಕೆನೆಯಿತು. ಮರುದಿನ ಬೆಳಿಗ್ಗೆ ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ ಭಂಕೂರದ ದಾರಿಯಲ್ಲಿ ಹೋಗಿ ಬಂದೆವು. ಅವರು "ಮೈ ಚೊಲೋ ಇಟ್ಟೀದಿ" ಎಂದರು. ಕುದುರೆಗೆ ಅಂದರೋ ನನಗೆ ಅಂದರೋ ತಿಳಿಯಲಿಲ್ಲ.

ಆ ವರ್ಷದ ಬೇಸಿಗೆಯಲ್ಲೇ ಅವರು ಹೋದರು. ಬಸ್ಸು ಹಿಡಿದು ಹೋಗಿ ಮಣ್ಣು ಹಾಕಿ ಬಂದೆ. ಅವರು ಪಾಠ ಹೇಳಿದ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ದರು, ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ಮರಳಿ ಬಂದು ಅಂಗಳದಲ್ಲಿ ನಿಂತಾಗ ಚಂದ್ರಿ ನನ್ನ ಬೆನ್ನ ಹಿಂದೆ ಗೇಟಿನ ಕಡೆ ನೋಡುತ್ತಿತ್ತು. ಜೀನು ಹಾಕಿ ಹೊರಗೆ ಕರೆದುಕೊಂಡು ಹೋದೆ.

ಚಂದ್ರಿಯೂ ಹೋಗಿ ಈಗ ಬಹಳ ವರ್ಷವಾಯಿತು. ಇನ್ನೊಂದು ಕುದುರೆ ಸಾಕಲಿಲ್ಲ. ಮೊದಲು ಮನಸ್ಸು ಬರಲಿಲ್ಲ, ಆಮೇಲೆ ಮೊಣಕಾಲು ಬಿಡಲಿಲ್ಲ. ಬೆಳಿಗ್ಗೆ ಮಾತ್ರ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಎದ್ದು ಭಂಕೂರದ ದಾರಿ ಹಿಡಿಯುತ್ತೇನೆ. ಕಲ್ಲು ಕೊಯ್ಯುವ ಮಷಿನ್ನುಗಳು ಇನ್ನೂ ಶುರುವಾಗಿರುವುದಿಲ್ಲ. ಮೊನ್ನೆ ಪರಿಚಯದವನೊಬ್ಬ ಬೈಕ್ ನಿಲ್ಲಿಸಿ, "ಎಲ್ಲಿಗಿ ಹೊಂಟೀರಿ ಮೇಡಂ? ಕುಂದ್ರಿ, ಬಿಡ್ತೀನಿ" ಎಂದ. ಬೇಡಪ್ಪ, ನೀನು ನಡಿ ಎಂದೆ. ಅವನು ಹೋದ. ಬೈಕಿನ ಸದ್ದು ಅಡಗಿದ ಮೇಲೆ ನನ್ನ ಚಪ್ಪಲಿಯ ಸಪ್ಪಳವೊಂದೇ ಉಳಿಯಿತು. ಪಕ್ಕದಲ್ಲಿ ಗೊರಸಿನ ಸದ್ದಿಲ್ಲದ ದಾರಿ ನನಗಿನ್ನೂ ರೂಢಿಯಾಗಿಲ್ಲ.